ಅನಲಿಟಿಕ್ಸ್ ಟೂಲ್ ಬದಲಿಸುವುದು ಹೇಗೆ: ಲೆಕ್ಕ ತಪ್ಪದಂತೆ ಹೊಸ ಪ್ಲಾಟ್‌ಫಾರ್ಮ್‌ಗೆ ಹೋಗುವ ಹಂತಗಳು

"ಹೊಸ ಅನಲಿಟಿಕ್ಸ್ ಹಾಕಿದ ಮೇಲೆ ಟ್ರಾಫಿಕ್ ಅರ್ಧ ಆಗಿಹೋಯಿತು." ಅನಲಿಟಿಕ್ಸ್ ಟೂಲ್, ಅಂದರೆ ವೆಬ್‌ಸೈಟ್‌ಗೆ ಎಷ್ಟು ಜನ ಬಂದರು, ಏನು ನೋಡಿದರು ಅಂತ ಎಣಿಸುವ ಸಾಫ್ಟ್‌ವೇರ್, ಬದಲಿಸಿದವರಿಂದ ಮತ್ತೆ ಮತ್ತೆ ಬರುವ ದೂರು ಇದು. ಇದಕ್ಕೆ ಉಲ್ಟಾ ದೂರೂ ಇದೆ: "ಒಂದೇ ರಾತ್ರಿಯಲ್ಲಿ ಪೇಜ್‌ವ್ಯೂ ಎರಡು ಪಟ್ಟಾಗಿದೆ, ಖುಷಿಪಡಲೋ ಹೆದರಲೋ?" ಸಾಮಾನ್ಯವಾಗಿ ಎರಡರಲ್ಲೂ ಓದುಗರ ಸಂಖ್ಯೆ ಇದ್ದಷ್ಟೇ ಇರುತ್ತದೆ. ಎಣಿಸುವ ರೀತಿ ಬದಲಾಗಿರುತ್ತದೆ, ಇಲ್ಲವೇ ಎಣಿಸುವ ಕೋಡ್ ಕೆಲವು ಪುಟಗಳಲ್ಲಿ ಬಿಟ್ಟುಹೋಗಿರುತ್ತದೆ, ಇಲ್ಲವೇ ಎರಡು ಸಲ ಕೂತಿರುತ್ತದೆ. ಯಾವುದು ಅಂತ ಕಂಡುಹಿಡಿಯೋಣ ಅಂದರೆ ಹೋಲಿಸಲು ಹಳೆಯ ಟೂಲೇ ಇರುವುದಿಲ್ಲ. ಅದನ್ನು ಮೊದಲ ದಿನವೇ ಕಿತ್ತುಹಾಕಿ ಆಗಿರುತ್ತದೆ.

ಎಡವುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಕೋಡ್ ಅಂಟಿಸುವುದರಿಂದ ಶುರು ಮಾಡುತ್ತಾರೆ. ಈ ಮಾರ್ಗದರ್ಶಿಯಲ್ಲಿ ಅದು ಐದನೇ ಹಂತ. ಗೂಗಲ್ ಅನಲಿಟಿಕ್ಸ್ 4ರಿಂದ ಮಾಟೊಮೊಗೆ ಹೋಗುತ್ತಿರಲಿ, ಪ್ಲಾಸಿಬಲ್‌ಗೆ ಹೋಗುತ್ತಿರಲಿ, ಅಥವಾ ಅಲ್ಲಿಂದ ವಾಪಸ್ ಬರುತ್ತಿರಲಿ, ಕ್ರಮ ಇದೇ. ಗೂಗಲ್ ಅನಲಿಟಿಕ್ಸ್ 4 ಅನ್ನು ಇಲ್ಲಿಂದ ಮುಂದೆ ಜಿಎ4 ಎಂದು ಬರೆಯುತ್ತೇನೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

- ಹಳೆಯ ಅನಲಿಟಿಕ್ಸ್ ಖಾತೆಯ ಅಡ್ಮಿನ್ ಅನುಮತಿ. ಬರೀ ನೋಡುವ ಅನುಮತಿ ಸಾಲದು, ಸೆಟ್ಟಿಂಗ್‌ಗಳೂ ಕಾಣಬೇಕು.
- ವೆಬ್‌ಸೈಟ್‌ನ ಥೀಮ್ ಅಥವಾ ಟೆಂಪ್ಲೇಟ್ ಬದಲಿಸುವ ಅನುಮತಿ. ಟ್ಯಾಗ್ ಮ್ಯಾನೇಜರ್ (ಇಂಥ ಕೋಡ್‌ಗಳನ್ನೆಲ್ಲ ಒಂದೇ ಕಡೆಯಿಂದ ಸೈಟಿಗೆ ಹಾಕುವ ಟೂಲ್) ಇದ್ದರೆ ಅದರಲ್ಲಿ ಪಬ್ಲಿಷ್ ಮಾಡುವ ಅನುಮತಿ.
- ಹೊಸ ಟೂಲನ್ನು ನಿಮ್ಮ ಸರ್ವರ್‌ನಲ್ಲೇ ನಡೆಸುವುದಾದರೆ ಸರ್ವರ್ ಮತ್ತು ಡಿಎನ್‌ಎಸ್ (ಡೊಮೇನ್ ಹೆಸರಿನ ಸೆಟ್ಟಿಂಗ್) ಅನುಮತಿ.
- ಒಂದು ಸ್ಪ್ರೆಡ್‌ಶೀಟ್. ಇಡೀ ಕೆಲಸದಲ್ಲಿ ಅತಿ ಹೆಚ್ಚು ತೆರೆಯುವುದು ಇದನ್ನೇ.
- ಯಾವ ಎಕ್ಸ್‌ಟೆನ್ಷನ್ ಕೂಡ ಇಲ್ಲದ ಒಂದು ಖಾಲಿ ಬ್ರೌಸರ್ ಪ್ರೊಫೈಲ್. ನಿಮ್ಮ ದಿನಬಳಕೆಯ ಬ್ರೌಸರ್‌ನಲ್ಲಿ ಆ್ಯಡ್ ಬ್ಲಾಕರ್ ಇದ್ದರೆ ಸರಿಯಾದ ಕೋಡ್ ಕೂಡ ಕೆಟ್ಟಂತೆ ಕಾಣುತ್ತದೆ. ಇದೊಂದು ಗೊತ್ತಿಲ್ಲದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರು ಬಹಳ ಜನ.

ಸಮಯದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಎರಡೂ ಟೂಲ್‌ಗಳು ಕನಿಷ್ಠ ನಾಲ್ಕು ವಾರ ಜೊತೆಯಾಗಿ ಓಡಬೇಕು. ಹಳೆಯ ಟೂಲಿನ ಚಂದಾ ಮುಂದಿನ ವಾರ ಮುಗಿಯುತ್ತದೆ ಅಂತಾದರೆ ಒಂದು ತಿಂಗಳು ಮುಂದುವರಿಸಿ. ಆ ಖರ್ಚು ದಂಡ ಅಲ್ಲ.

## ಹಂತ 1: ಈಗ ಏನೇನು ಅಳೆಯುತ್ತಿದ್ದೀರಿ, ಪಟ್ಟಿ ಮಾಡಿ

ಮೊದಲು ಹಳೆಯ ಕೋಡ್ ಎಲ್ಲೆಲ್ಲಿ ಕೂತಿದೆ ಅಂತ ಹುಡುಕಿ. ಥೀಮಿನ ಹೆಡರ್‌ನಲ್ಲಿ ಒಂದು, ಪ್ಲಗಿನ್‌ನಲ್ಲಿ ಒಂದು, ಟ್ಯಾಗ್ ಮ್ಯಾನೇಜರ್‌ನಲ್ಲಿ ಇನ್ನೊಂದು. ಹಲವರ ಕೈ ದಾಟಿ ಬಂದ ಸೈಟುಗಳಲ್ಲಿ ಇದು ಸಾಮಾನ್ಯ. ಪುಟದ ಸೋರ್ಸ್ ತೆರೆದು ಹಳೆಯ ಖಾತೆಯ ಐಡಿಯನ್ನು ಹುಡುಕಿ. ಟ್ಯಾಗ್ ಮ್ಯಾನೇಜರ್ ಮೂಲಕ ಬರುವ ಕೋಡ್ ಸೋರ್ಸ್‌ನಲ್ಲಿ ಕಾಣುವುದಿಲ್ಲ, ಅದನ್ನು ಟ್ಯಾಗ್ ಮ್ಯಾನೇಜರ್ ಒಳಗೇ ನೋಡಬೇಕು.

ಮುಖಪುಟ ಒಂದನ್ನೇ ನೋಡಿ ಬಿಡಬೇಡಿ. ಸಬ್‌ಡೊಮೇನ್‌ಗಳು, ಜಾಹೀರಾತಿಗೆ ಅಂತ ಬೇರೆ ಮಾಡಿದ ಲ್ಯಾಂಡಿಂಗ್ ಪುಟಗಳು, 404 ಪುಟ, ಹುಡುಕಾಟದ ಫಲಿತಾಂಶದ ಪುಟ, ಹಣ ಕಟ್ಟಿದ ಮೇಲೆ ಬರುವ ಧನ್ಯವಾದದ ಪುಟ, ಇವೆಲ್ಲ ಬೇರೆ ಟೆಂಪ್ಲೇಟ್‌ನಿಂದ ಬರುತ್ತಿರಬಹುದು. ಮುಂದೆ ಕೋಡ್ ಬಿಟ್ಟುಹೋಗುವುದು ಇಂಥ ಪುಟಗಳಲ್ಲೇ.

ಆಮೇಲೆ ಅಳತೆಗಳ ಪಟ್ಟಿ. ಯಾವ ಯಾವ ಇವೆಂಟ್ (ಬಟನ್ ಒತ್ತುವುದು, ಫಾರ್ಮ್ ಕಳಿಸುವುದು ಮುಂತಾದ ಕ್ರಿಯೆ), ಯಾವ ಗೋಲ್ (ಓದುಗರು ಮಾಡಲಿ ಅಂತ ನೀವು ಬಯಸುವ ಕ್ರಿಯೆ), ಯಾವ ಕಸ್ಟಮ್ ಡೈಮೆನ್ಷನ್ (ನೀವೇ ಸೇರಿಸಿಕೊಂಡ ವಿಂಗಡಣೆ), ಯಾವ ಡ್ಯಾಶ್‌ಬೋರ್ಡ್, ಯಾವ ಇಮೇಲ್ ವರದಿ, ಡೇಟಾ ಎಳೆಯುವ ಯಾವ ಸ್ಕ್ರಿಪ್ಟ್. ಪ್ರತಿಯೊಂದರ ಎದುರು ಎರಡು ಕಾಲಂ ಇಡಿ: ಇದನ್ನು ಯಾರು ನೋಡುತ್ತಾರೆ? ನೋಡಿ ಏನು ನಿರ್ಧಾರ ಮಾಡುತ್ತಾರೆ? ಎರಡನೇ ಕಾಲಂ ಖಾಲಿ ಉಳಿದರೆ ಆ ಅಳತೆಯನ್ನು ಹೊಸ ಕಡೆಗೆ ಹೊತ್ತುಕೊಂಡು ಹೋಗಬೇಡಿ. ಯಾರೋ ಯಾವತ್ತೋ ಸುಮ್ನೆ ಹಾಕಿಟ್ಟ ಇವೆಂಟ್‌ಗಳನ್ನೆಲ್ಲ ಮತ್ತೆ ಕಟ್ಟುತ್ತ ಕೂತರೆ ಮುಖ್ಯವಾದದ್ದಕ್ಕೆ ಸಮಯ ಉಳಿಯುವುದಿಲ್ಲ.

## ಹಂತ 2: ಹಳೆಯ ಡೇಟಾ ಇಳಿಸಿಕೊಳ್ಳಿ

"ಆಮೇಲೆ ಮಾಡಿದರಾಯಿತು" ಅಂತ ಮುಂದೂಡುವ ಹಂತ ಇದು, ಅದಕ್ಕೇ ಇಷ್ಟು ಮೇಲೆ ಇಟ್ಟಿದ್ದೇನೆ. ಗೂಗಲ್‌ನ ಹಿಂದಿನ ಯೂನಿವರ್ಸಲ್ ಅನಲಿಟಿಕ್ಸ್‌ನ ಉಚಿತ ಖಾತೆಗಳು 2023ರ ಜುಲೈ 1ಕ್ಕೆ ಹೊಸ ಡೇಟಾ ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಒಂದು ವರ್ಷದ ಬಳಿಕ, 2024ರ ಜುಲೈನಲ್ಲಿ, ಹಳೆಯ ಡೇಟಾ ತೆರೆಯುವ ದಾರಿಯೂ ಮುಚ್ಚಿತು. ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಎಳೆಯುವ ದಾರಿ) ಕೂಡ ನಿಂತಿತು. ಒಂದು ವರ್ಷದ ಅವಕಾಶ ಇದ್ದರೂ ಇಳಿಸಿಕೊಳ್ಳದವರ ಬಳಿ ಈಗ ಆ ವರ್ಷಗಳ ಲೆಕ್ಕ ಇಲ್ಲ.

ಜಿಎ4ರಿಂದ ಹೊರಡುತ್ತಿದ್ದರೆ ಮೂರು ವಿಷಯ ಗಮನಿಸಿ. ಒಂದು, ಅದರ ಎಕ್ಸ್‌ಪ್ಲೊರೇಷನ್ ವರದಿಗಳಿಗೆ (ಬೇಕಾದಂತೆ ನೀವೇ ಕಟ್ಟಿಕೊಳ್ಳುವ ವರದಿಗಳಿಗೆ) ಡೇಟಾ ಇಟ್ಟುಕೊಳ್ಳುವ ಅವಧಿ ತಾನಾಗಿ 2 ತಿಂಗಳು. ಉಚಿತ ಖಾತೆಯಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು, ಆದರೆ ಆಗಲೇ ಅಳಿಸಿಹೋದದ್ದು ವಾಪಸ್ ಬರುವುದಿಲ್ಲ. ಮಾಮೂಲಿ ವರದಿಗಳಿಗೆ ಈ ಮಿತಿ ತಾಗುವುದಿಲ್ಲ. ಎರಡು, ಗೂಗಲ್‌ನ ಡೇಟಾ ಸಂಗ್ರಹವಾದ ಬಿಗ್‌ಕ್ವೆರಿಗೆ ಜೋಡಿಸಿದರೆ ಡೇಟಾ ಹೋಗುವುದು ಜೋಡಿಸಿದ ದಿನದಿಂದ ಮಾತ್ರ, ಹಿಂದಿನದು ಹೋಗುವುದಿಲ್ಲ. ಮೂರು, ಬಳಕೆದಾರರ ಸಂಖ್ಯೆಯನ್ನು ತಿಂಗಳುವಾರು ಬೇಕಿದ್ದರೆ ತಿಂಗಳುವಾರೇ ಇಳಿಸಿಕೊಳ್ಳಿ. ದಿನದ ಸಂಖ್ಯೆಗಳನ್ನು ಕೂಡಿಸಿದರೆ ತಿಂಗಳ ಸಂಖ್ಯೆ ಸಿಗುವುದಿಲ್ಲ. ಮೂರು ದಿನ ಬಂದ ಒಬ್ಬನೇ ಮನುಷ್ಯ ಮೂರು ಸಲ ಸೇರಿಬಿಡುತ್ತಾನೆ.

ಕನಿಷ್ಠ ಇಷ್ಟನ್ನು ಸಿಎಸ್‌ವಿ ಫೈಲ್‌ಗಳಾಗಿ ಇಳಿಸಿ:

- ದಿನವಾರು ಪೇಜ್‌ವ್ಯೂ ಮತ್ತು ಸೆಷನ್ (ಒಬ್ಬರ ಒಂದು ಭೇಟಿ)
- ತಿಂಗಳುವಾರು ಬಳಕೆದಾರರು
- ಪುಟವಾರು ಪೇಜ್‌ವ್ಯೂ, ತಿಂಗಳ ಲೆಕ್ಕದಲ್ಲಿ
- ಮೂಲ, ಮಾಧ್ಯಮ, ಕ್ಯಾಂಪೇನ್‌ವಾರು ಸೆಷನ್ ಮತ್ತು ಗೋಲ್
- ಸಾಧನ ಮತ್ತು ದೇಶವಾರು ಸೆಷನ್

ಫೈಲಿನ ಹೆಸರಲ್ಲೇ ಟೂಲಿನ ಹೆಸರು ಮತ್ತು ಅವಧಿ ಬರೆಯಿರಿ. ಟೂಲಿನ ಟೈಮ್ ಝೋನ್ ಯಾವುದಿತ್ತು ಅಂತ ಒಂದು ಸಾಲು ಬರೆದು ಜೊತೆಗೆ ಇಡಿ. ಎರಡು ವರ್ಷ ಬಿಟ್ಟು ತೆರೆದಾಗ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ಮಾಟೊಮೊ ಮತ್ತು ಪ್ಲಾಸಿಬಲ್ ಎರಡಕ್ಕೂ ಗೂಗಲ್ ಅನಲಿಟಿಕ್ಸ್‌ನಿಂದ ಹಳೆಯ ಡೇಟಾ ತರುವ ಸೌಲಭ್ಯ ಇದೆ. ಬಳಸಿ, ಆದರೆ ಬರುವುದು ಒಟ್ಟು ಮಾಡಿದ ವರದಿಗಳು ಅನ್ನುವುದು ನೆನಪಿರಲಿ. ಒಬ್ಬೊಬ್ಬರ ಭೇಟಿಯ ವಿವರ ಬರುವುದಿಲ್ಲ. ಹಾಗಾಗಿ ಹೊಸ ಸೆಗ್ಮೆಂಟ್ ಮಾಡಿ ಹಳೆಯ ಅವಧಿಯನ್ನು ಬೇರೆ ರೀತಿ ಸೀಳಿ ನೋಡಲು ಆಗುವುದಿಲ್ಲ. ಇಂಪೋರ್ಟ್ ಆಯಿತು ಅಂತ ಸಿಎಸ್‌ವಿ ಬ್ಯಾಕಪ್ ಬಿಟ್ಟುಬಿಡಬೇಡಿ.

## ಹಂತ 3: ಹಳೆಯ ಹೆಸರು, ಹೊಸ ಹೆಸರು ಜೋಡಿಸಿ

ಪ್ರತಿ ಟೂಲಿಗೂ ತನ್ನದೇ ಲೆಕ್ಕದ ಭಾಷೆ ಇದೆ. ಮಾಟೊಮೊದಲ್ಲಿ ಒಂದು ಇವೆಂಟ್ ಅಂದರೆ ಕೆಟಗರಿ, ಆ್ಯಕ್ಷನ್, ಹೆಸರು, ಮೌಲ್ಯ. ಜಿಎ4ರಲ್ಲಿ ಒಂದು ಇವೆಂಟ್ ಹೆಸರು ಮತ್ತು ಅದರ ಜೊತೆಗೆ ಪ್ಯಾರಾಮೀಟರ್‌ಗಳು, ಅಂದರೆ ಹೆಚ್ಚಿನ ವಿವರಗಳು. ಹಳೆಯ ಇವೆಂಟ್ ಯಾವುದು, ಹೊಸದರಲ್ಲಿ ಅದರ ಹೆಸರೇನು, ಜೊತೆಗೆ ಯಾವ ಮಾಹಿತಿ ಹೋಗಬೇಕು, ಯಾವಾಗ ಹೋಗಬೇಕು, ಈ ನಾಲ್ಕು ಕಾಲಂ ತುಂಬಿಸಿ.

"ಯಾವಾಗ" ಅನ್ನುವ ಕಾಲಂನಲ್ಲಿ ಜಾಸ್ತಿ ಹೊತ್ತು ಕಳೆಯಿರಿ. "ಫಾರ್ಮ್ ಕಳಿಸಿದಾಗ" ಅಂದರೆ ಬಟನ್ ಒತ್ತಿದಾಗಲೋ, ಸರ್ವರ್ ಒಪ್ಪಿಕೊಂಡಾಗಲೋ? ಬಟನ್ ಒತ್ತಿದಾಗ ಎಣಿಸಿದರೆ, ಫೋನ್ ನಂಬರ್ ತಪ್ಪು ಹಾಕಿ ಮೂರು ಸಲ ಒತ್ತಿದವರು ಮೂರು ಅರ್ಜಿಯಾಗಿ ಕಾಣುತ್ತಾರೆ. ಹಳೆಯ ಟೂಲ್ ಒಂದು ರೀತಿ, ಹೊಸದು ಇನ್ನೊಂದು ರೀತಿ ಎಣಿಸಿದರೆ ಎಂದಿಗೂ ತಾಳೆಯಾಗುವುದಿಲ್ಲ.

ಹೆಸರುಗಳಲ್ಲಿ ಶಿಸ್ತು ಬೇಕು. ಜಿಎ4ರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಇವೆಂಟ್ ಆಗುತ್ತವೆ. ಎಲ್ಲ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್ ಅಂತ ನಿಯಮ ಮಾಡಿಕೊಳ್ಳಿ. ಅದರ ಉಚಿತ ಆವೃತ್ತಿಯ ಮಿತಿಗಳು ಹೀಗಿವೆ: ಇವೆಂಟ್ ಹೆಸರು 40 ಅಕ್ಷರದ ಒಳಗೆ, ಪ್ಯಾರಾಮೀಟರ್ ಮೌಲ್ಯ ಸಾಮಾನ್ಯವಾಗಿ 100 ಅಕ್ಷರದ ಒಳಗೆ, ಒಂದು ಇವೆಂಟ್‌ಗೆ 25 ಪ್ಯಾರಾಮೀಟರ್. ಪ್ಯಾರಾಮೀಟರ್ ಕಳಿಸಿದರಷ್ಟೇ ಸಾಲದು, ವರದಿಯಲ್ಲಿ ಕಾಣಬೇಕಾದರೆ ಅದನ್ನು ಕಸ್ಟಮ್ ಡೈಮೆನ್ಷನ್ ಆಗಿ ನೋಂದಾಯಿಸಬೇಕು. ನೋಂದಾಯಿಸುವ ಮೊದಲಿನ ದಿನಗಳಿಗೆ ಅದು ಅನ್ವಯಿಸುವುದಿಲ್ಲ. ಪ್ಲಾಸಿಬಲ್‌ನಲ್ಲೂ ಕಸ್ಟಮ್ ಇವೆಂಟ್ ಕಳಿಸಿ ಡ್ಯಾಶ್‌ಬೋರ್ಡ್‌ನಲ್ಲಿ ಗೋಲ್ ಸೇರಿಸದಿದ್ದರೆ ಏನೂ ಕಾಣುವುದಿಲ್ಲ. "ಇವೆಂಟ್ ಹೋಗ್ತಿದೆ, ಆದ್ರೆ ವರದಿ ಖಾಲಿ" ಅನ್ನುವ ಪ್ರಶ್ನೆಗೆ ಬಹುಪಾಲು ಉತ್ತರ ಇದೇ.

## ಹಂತ 4: ಕೋಡ್ ಹಾಕುವ ಮೊದಲು ಸೆಟ್ಟಿಂಗ್ ಮುಗಿಸಿ

ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಮುಂದೆ ಬರುವ ಡೇಟಾಗೆ ಮಾತ್ರ ತಾಗುತ್ತವೆ. ಆದ್ದರಿಂದ ಮೊದಲ ಭೇಟಿ ದಾಖಲಾಗುವ ಮುಂಚೆಯೇ ಇವನ್ನು ಸರಿ ಮಾಡಿ.

ಟೈಮ್ ಝೋನ್ ಮತ್ತು ಕರೆನ್ಸಿ. ಎರಡೂ ಟೂಲ್‌ಗಳಲ್ಲಿ ಒಂದೇ ಇರಲಿ. ಟೈಮ್ ಝೋನ್ ಬೇರೆಯಾದರೆ ತಿಂಗಳ ಒಟ್ಟು ಹೆಚ್ಚುಕಡಿಮೆ ಹೊಂದುತ್ತದೆ, ಆದರೆ ದಿನದ ಲೆಕ್ಕ ಯಾವತ್ತೂ ಹೊಂದುವುದಿಲ್ಲ. ಕಾರಣ ಹುಡುಕುತ್ತ ದಿನಗಳೇ ಹೋಗುತ್ತವೆ.

ನಿಮ್ಮದೇ ಜನರ ಭೇಟಿ. ಕಚೇರಿಯ ಐಪಿ ವಿಳಾಸ ಹೊರಗಿಡಿ. ಜಿಎ4ರಲ್ಲಿ ಈ ಫಿಲ್ಟರ್‌ಗೆ ಪರೀಕ್ಷೆಯ ಸ್ಥಿತಿ ಅಂತ ಒಂದಿದೆ. ಮೊದಲು ಅದರಲ್ಲಿಟ್ಟು ನೋಡಿ, ಆಮೇಲೆ ಚಾಲೂ ಮಾಡಿ. ಚಾಲೂ ಇರುವ ಫಿಲ್ಟರ್ ಹೊರಗಿಟ್ಟ ಡೇಟಾ ಶಾಶ್ವತವಾಗಿ ಹೋದಂತೆ. ಹಳೆಯ ಟೂಲಿನಲ್ಲಿ ಇಂಥ ಫಿಲ್ಟರ್ ಇತ್ತೇ ಅಂತಲೂ ನೋಡಿಕೊಳ್ಳಿ.

ರೆಫರರ್ ಪಟ್ಟಿ, ಅಂದರೆ ಓದುಗರು ಯಾವ ಸೈಟಿನಿಂದ ಬಂದರು ಅನ್ನುವ ಪಟ್ಟಿ. ಹಣ ಕಟ್ಟಲು ಬೇರೆ ಡೊಮೇನ್‌ಗೆ ಹೋಗಿ ಬರುವ ಸೈಟ್ ಆಗಿದ್ದರೆ, ಆ ಪೇಮೆಂಟ್ ಡೊಮೇನನ್ನು ರೆಫರರ್ ಪಟ್ಟಿಯಿಂದ ಹೊರಗಿಡಿ. ಇಲ್ಲವಾದರೆ ಪ್ರತಿ ಖರೀದಿಯೂ ಪೇಮೆಂಟ್ ಗೇಟ್‌ವೇಯಿಂದ ಬಂದಂತೆ ಕಾಣುತ್ತದೆ. ಜಾಹೀರಾತಿಗೆ ಸಿಗಬೇಕಾದ ಲೆಕ್ಕ ಅದರ ಪಾಲಾಗುತ್ತದೆ.

ಒಂದಕ್ಕಿಂತ ಹೆಚ್ಚು ಡೊಮೇನ್. ಓದುಗರು ಒಂದು ಡೊಮೇನಿನಿಂದ ಇನ್ನೊಂದಕ್ಕೆ ದಾಟುವಂತಿದ್ದರೆ, ಎರಡೂ ಕಡೆ ಅವರೇ ಅಂತ ಗುರುತಿಸುವ ಕ್ರಾಸ್ ಡೊಮೇನ್ ಸೆಟ್ಟಿಂಗ್ ಮಾಡಿ.

ಖಾಸಗಿ ಮಾಹಿತಿ. ಪುಟದ ವಿಳಾಸದಲ್ಲೇ ಇಮೇಲ್ ಅಥವಾ ಫೋನ್ ನಂಬರ್ ಸೇರಿಕೊಳ್ಳುವ ಫಾರ್ಮ್‌ಗಳಿವೆ. ಅದು ನೇರವಾಗಿ ಅನಲಿಟಿಕ್ಸ್‌ಗೆ ಹೋಗಿ ಕೂರುತ್ತದೆ. ಅಂಥ ಫಾರ್ಮ್ ಇದ್ದರೆ ಟೂಲಿನಲ್ಲಿ ಮುಚ್ಚುವುದಕ್ಕಿಂತ ಫಾರ್ಮನ್ನೇ ಸರಿಪಡಿಸುವುದು ಒಳ್ಳೆಯದು.

ಮಾಟೊಮೊವನ್ನು ನಿಮ್ಮ ಸರ್ವರ್‌ನಲ್ಲಿ ನಡೆಸುವವರಿಗೆ ಒಂದು ಮಾತು. ವರದಿಗಳನ್ನು ಒಟ್ಟು ಮಾಡುವ ಆರ್ಕೈವ್ ಕೆಲಸವನ್ನು ಕ್ರಾನ್‌ಗೆ (ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಓಡಿಸುವ ಸರ್ವರ್ ವ್ಯವಸ್ಥೆಗೆ) ಹಾಕಿ, ಬ್ರೌಸರ್‌ನಲ್ಲಿ ವರದಿ ತೆರೆದಾಗ ಮಾಡುವ ಆಯ್ಕೆಯನ್ನು ಆಫ್ ಮಾಡಿ. ಟ್ರಾಫಿಕ್ ಇರುವ ಸೈಟ್‌ನಲ್ಲಿ ಇದನ್ನು ಬಿಟ್ಟರೆ ಡ್ಯಾಶ್‌ಬೋರ್ಡ್ ತೆರೆದಾಗಲೆಲ್ಲ ಸರ್ವರ್ ಏದುಸಿರು ಬಿಡುತ್ತದೆ.

## ಹಂತ 5: ಕೋಡ್ ಹಾಕಿ, ಒಂದೇ ಜಾಗದಲ್ಲಿ

ಮೊದಲು ಸ್ಟೇಜಿಂಗ್ ಸೈಟ್‌ನಲ್ಲಿ, ಅಂದರೆ ಪರೀಕ್ಷೆಗೆ ಇಟ್ಟ ನಕಲು ಸೈಟ್‌ನಲ್ಲಿ, ಹಾಕಿ. ಅದಕ್ಕೆ ಬೇರೆ ಐಡಿ ಕೊಡಿ, ಪರೀಕ್ಷೆಯ ಭೇಟಿಗಳು ಅಸಲಿ ಲೆಕ್ಕಕ್ಕೆ ಬೆರೆಯಬಾರದು.

ಟ್ಯಾಗ್ ಮ್ಯಾನೇಜರ್, ಪ್ಲಗಿನ್, ಥೀಮ್, ಈ ಮೂರರಲ್ಲಿ ಒಂದನ್ನು ಆರಿಸಿ. ನನ್ನ ಮತ ಟ್ಯಾಗ್ ಮ್ಯಾನೇಜರ್‌ಗೆ. ಏನಾದರೂ ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳುವುದು ಸುಲಭ. ಆದರೆ ಬರೀ ಪೇಜ್‌ವ್ಯೂ ಎಣಿಸುವ ಸಣ್ಣ ಸೈಟಿಗೆ ಥೀಮಿನಲ್ಲಿ ಒಂದು ಸಾಲು ಹಾಕಿದರೆ ಸಾಕು, ಅದಕ್ಕಾಗಿ ಇಡೀ ಟ್ಯಾಗ್ ಮ್ಯಾನೇಜರ್ ಬೇಕಿಲ್ಲ.

ಈ ಹಂತದಲ್ಲಿ ಜನ ಬೀಳುವ ಗುಂಡಿಗಳು ನಾಲ್ಕು.

ಮೊದಲನೆಯದು ಕ್ಯಾಶ್, ಅಂದರೆ ಬೇಗ ಕೊಡಲು ಉಳಿಸಿಟ್ಟ ಪುಟದ ಪ್ರತಿ. ಕೋಡ್ ಹಾಕಿದ್ದೀರಿ, ಆದರೆ ಕ್ಯಾಶ್ ಪ್ಲಗಿನ್ ಅಥವಾ ಸಿಡಿಎನ್ (ಪುಟದ ಪ್ರತಿಗಳನ್ನು ಹಂಚುವ ಸರ್ವರ್‌ಗಳ ಜಾಲ) ಇನ್ನೂ ಹಳೆಯ ಪುಟವನ್ನೇ ಕೊಡುತ್ತಿದೆ. ಲಾಗಿನ್ ಆಗಿರುವ ನಿಮಗೆ ಹೊಸ ಪುಟ ಕಾಣುತ್ತದೆ, ಓದುಗರಿಗೆ ಕಾಣುವುದಿಲ್ಲ. ಕ್ಯಾಶ್ ಪೂರ್ತಿ ಖಾಲಿ ಮಾಡಿ, ಲಾಗ್ಔಟ್ ಆಗಿ ನೋಡಿ.

ಎರಡನೆಯದು ಸಿಎಸ್‌ಪಿ, ಅಂದರೆ ಯಾವ ಡೊಮೇನಿನ ಸ್ಕ್ರಿಪ್ಟ್ ಓಡಬಹುದು ಅಂತ ಸರ್ವರ್ ಬ್ರೌಸರ್‌ಗೆ ಹೇಳುವ ಹೆಡರ್. ಹೊಸ ಟೂಲಿನ ಡೊಮೇನ್ ಅದರಲ್ಲಿ ಇಲ್ಲದಿದ್ದರೆ ಬ್ರೌಸರ್ ಸದ್ದಿಲ್ಲದೆ ತಡೆಯುತ್ತದೆ. ಪುಟ ಚೆನ್ನಾಗೇ ಕಾಣುತ್ತದೆ, ಲೆಕ್ಕ ಮಾತ್ರ ಸೊನ್ನೆ. ಸ್ಕ್ರಿಪ್ಟ್ ಲೋಡ್ ಆಗುವ ಅನುಮತಿ ಬೇರೆ, ಡೇಟಾ ಕಳಿಸುವ ಅನುಮತಿ ಬೇರೆ. ಎರಡೂ ಸೇರಿಸಬೇಕು. ಮೊದಲನೆಯದನ್ನು ಮಾತ್ರ ಸೇರಿಸಿ ಎರಡನೆಯದನ್ನು ಮರೆಯುವುದು ಮಾಮೂಲು.

ಮೂರನೆಯದು ಪುಟ ಮತ್ತೆ ಲೋಡ್ ಆಗದ ಸೈಟುಗಳು. ರಿಯಾಕ್ಟ್, ವ್ಯೂ ಮುಂತಾದವುಗಳಲ್ಲಿ ಕಟ್ಟಿದ ಸೈಟಿನಲ್ಲಿ ಲಿಂಕ್ ಒತ್ತಿದಾಗ ವಿಳಾಸ ಬದಲಾಗುತ್ತದೆ, ಪುಟ ರಿಲೋಡ್ ಆಗುವುದಿಲ್ಲ. ಟೂಲ್ ಇದನ್ನು ಗಮನಿಸದಿದ್ದರೆ ಮೊದಲ ಪುಟ ಮಾತ್ರ ಎಣಿಕೆಯಾಗುತ್ತದೆ. ಉಲ್ಟಾ ಅಪಾಯವೂ ಇದೆ. ಜಿಎ4ರ ವರ್ಧಿತ ಅಳತೆ (ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್) ಎಂಬ ಸೆಟ್ಟಿಂಗ್ ಬ್ರೌಸರ್ ಹಿಸ್ಟರಿಯ ಬದಲಾವಣೆಯನ್ನು ತಾನೇ ಪೇಜ್‌ವ್ಯೂ ಎಂದು ಎಣಿಸುತ್ತದೆ. ನೀವೂ ಕೈಯಾರೆ ಪೇಜ್‌ವ್ಯೂ ಕಳಿಸಿದರೆ ಲೆಕ್ಕ ಎರಡು ಪಟ್ಟು.

ನಾಲ್ಕನೆಯದು ಒಪ್ಪಿಗೆ ಬ್ಯಾನರ್, ಅಂದರೆ ಎಣಿಕೆಗೆ ಓದುಗರ ಅನುಮತಿ ಕೇಳುವ ಪಟ್ಟಿ. ಹಳೆಯ ಟೂಲ್ ಒಪ್ಪಿಗೆ ಸಿಕ್ಕ ಮೇಲೆ ಮಾತ್ರ ಓಡುತ್ತಿದ್ದು, ಹೊಸದು ಒಪ್ಪಿಗೆ ಕೇಳದೆ ಓಡಿದರೆ, ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಯುರೋಪಿನ ಓದುಗರಿರುವ ಸೈಟಿಗೆ ಇದು ಅಲ್ಲಿನ ಖಾಸಗಿ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾನೂನಿನ ಪ್ರಶ್ನೆ ಕೂಡ. ಕುಕಿ (ಬ್ರೌಸರ್‌ನಲ್ಲಿ ಇಡುವ ಗುರುತು) ಬಳಸದ ಟೂಲ್ ಅನ್ನುವ ಒಂದೇ ಕಾರಣಕ್ಕೆ ಬ್ಯಾನರ್ ತೆಗೆಯಬೇಡಿ. ನಿಮ್ಮ ಸೈಟಿನಲ್ಲಿ ವಿಡಿಯೊ, ಜಾಹೀರಾತು, ಚಾಟ್ ಮುಂತಾದ ಬೇರೆ ಸ್ಕ್ರಿಪ್ಟ್‌ಗಳೂ ಇರುತ್ತವೆ ಅಲ್ವಾ?

## ಹಂತ 6: ಒಂದೊಂದಾಗಿ ಪರೀಕ್ಷಿಸಿ

ಖಾಲಿ ಬ್ರೌಸರ್ ಪ್ರೊಫೈಲ್ ತೆರೆಯಿರಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪುಟ ರಿಲೋಡ್ ಮಾಡಿ. ಹೊಸ ಟೂಲಿನ ಡೊಮೇನಿಗೆ ಹೋಗುವ ರಿಕ್ವೆಸ್ಟ್‌ಗಳನ್ನು ಫಿಲ್ಟರ್ ಮಾಡಿ. ಒಂದು ಪುಟಕ್ಕೆ ಒಂದೇ ಪೇಜ್‌ವ್ಯೂ ಹೋಗಬೇಕು. ಉತ್ತರದ ಕೋಡ್ 200, 202 ಅಥವಾ 204 ಇದ್ದರೆ ಸರಿ. 204 ಅಂದರೆ "ತಲುಪಿತು, ಹೇಳಲು ಬೇರೇನಿಲ್ಲ" ಅಂತ, ಅದು ದೋಷ ಅಲ್ಲ. ಕನ್ಸೋಲ್ ಟ್ಯಾಬ್‌ನಲ್ಲಿ ಕೆಂಪು ಸಾಲುಗಳಿದ್ದರೆ ಓದಿ. ಸಿಎಸ್‌ಪಿ ತಡೆದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಈ ಸುತ್ತು ಹಾಕಿ:

1. ಮುಖಪುಟ, ಒಂದು ಒಳಪುಟ, ಇಲ್ಲದ ಒಂದು ವಿಳಾಸ.
2. ಯುಟಿಎಂ (ಯಾವ ಕ್ಯಾಂಪೇನ್‌ನಿಂದ ಬಂದರು ಅಂತ ಹೇಳಲು ಲಿಂಕಿಗೆ ಸೇರಿಸುವ ಗುರುತು) ಇರುವ ಲಿಂಕಿನಿಂದ ಬಂದು, ಕ್ಯಾಂಪೇನ್ ಹೆಸರು ಸರಿಯಾಗಿ ದಾಖಲಾಯಿತೇ ನೋಡುವುದು. ಲಿಂಕ್ ರೀಡೈರೆಕ್ಟ್ ಆಗುವಂಥದ್ದಾದರೆ ಯುಟಿಎಂ ದಾರಿಯಲ್ಲೇ ಉದುರಿಹೋಗಿರಬಹುದು.
3. ಫಾರ್ಮನ್ನು ಮೊದಲು ತಪ್ಪು ತುಂಬಿ, ಆಮೇಲೆ ಸರಿ ತುಂಬಿ ಕಳಿಸುವುದು. ಇವೆಂಟ್ ಒಂದೇ ಬರಬೇಕು.
4. ಪರೀಕ್ಷೆಯ ಖರೀದಿ ಮಾಡಿ, ಧನ್ಯವಾದದ ಪುಟವನ್ನು ಎರಡು ಸಲ ರಿಲೋಡ್ ಮಾಡುವುದು. ಆರ್ಡರ್ ಐಡಿ ಸರಿಯಾಗಿ ಕಳಿಸಿದ್ದರೆ ಖರೀದಿ ಒಂದೇ ಎಣಿಕೆಯಾಗಬೇಕು.
5. ಒಪ್ಪಿಗೆ ನಿರಾಕರಿಸಿ ನೋಡುವುದು.
6. ಇದೆಲ್ಲವನ್ನೂ ಒಂದು ಅಸಲಿ ಮೊಬೈಲ್‌ನಲ್ಲಿ ಮತ್ತೊಮ್ಮೆ.

ರಿಯಲ್‌ಟೈಮ್‌ನಲ್ಲಿ (ಈ ಕ್ಷಣದ ಭೇಟಿ ತೋರಿಸುವ ಪುಟದಲ್ಲಿ) ಕಂಡದ್ದು ವರದಿಯಲ್ಲಿ ತಕ್ಷಣ ಬರುವುದಿಲ್ಲ. ಜಿಎ4ರಲ್ಲಿ ಪೂರ್ತಿ ಡೇಟಾ ಕೂರಲು 24ರಿಂದ 48 ಗಂಟೆ ಬೇಕಾಗಬಹುದು. ಅಷ್ಟರೊಳಗೆ ಗಾಬರಿಯಾಗಿ ಕೋಡ್ ಬದಲಿಸಬೇಡಿ. ಬದಲಿಸಿದರೆ ಯಾವುದು ಕೆಲಸ ಮಾಡಿತು ಅನ್ನುವುದೇ ಗೊತ್ತಾಗುವುದಿಲ್ಲ.

## ಹಂತ 7: ಎರಡನ್ನೂ ಜೊತೆಗೆ ಓಡಿಸಿ, ಹೋಲಿಸಿ

ಇಡೀ ಕೆಲಸದ ತಿರುಳು ಇಲ್ಲಿದೆ. ಅಸಲಿ ಸೈಟಿಗೆ ಹೊಸ ಕೋಡ್ ಹಾಕಿ, ಹಳೆಯದನ್ನು ಮುಟ್ಟದೆ ನಾಲ್ಕು ವಾರ ಬಿಡಿ. ಈ ಅವಧಿಯಲ್ಲಿ ಸೈಟಿನ ವಿನ್ಯಾಸ, ವಿಳಾಸಗಳ ರಚನೆ, ಒಪ್ಪಿಗೆ ಬ್ಯಾನರ್ ಯಾವುದನ್ನೂ ಬದಲಿಸಬೇಡಿ. ಹೊಸ ವಿನ್ಯಾಸ ಮತ್ತು ಹೊಸ ಅನಲಿಟಿಕ್ಸ್ ಒಂದೇ ದಿನ ಹೊರಬಿಡುವ ಆಸೆ ಬಹಳ ಜನಕ್ಕೆ. ಆಮೇಲೆ ಸಂಖ್ಯೆ ಕುಸಿದರೆ ತಪ್ಪು ಯಾವುದರದ್ದು ಅಂತ ಯಾರೂ ಹೇಳಲಾರರು.

ಎರಡರ ಸಂಖ್ಯೆಗಳು ಒಂದೇ ಆಗುವುದಿಲ್ಲ, ಆಗಲೂಬೇಕಿಲ್ಲ. ಎರಡು ಮನೆಯ ತೂಕದ ಕಲ್ಲು ಬೇರೆ ಬೇರೆ ಇದ್ದ ಹಾಗೆ. ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ. ಹೋಲಿಸುವಾಗ ಈ ಅನುಕ್ರಮದಲ್ಲಿ ಹೋಗಿ.

ಪೇಜ್‌ವ್ಯೂ ಮೊದಲು. ಇದರ ವ್ಯಾಖ್ಯಾನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಇಲ್ಲೇ ದೊಡ್ಡ ವ್ಯತ್ಯಾಸ ಇದ್ದರೆ ಕೋಡ್, ಒಪ್ಪಿಗೆ ಅಥವಾ ಬ್ಲಾಕರ್ ಸಮಸ್ಯೆ. ಮುಂದೆ ಹೋಗಬೇಡಿ, ಇದನ್ನು ಮೊದಲು ಬಗೆಹರಿಸಿ.

ಸೆಷನ್ ಆಮೇಲೆ. ಜಿಎ4 ಮತ್ತು ಮಾಟೊಮೊ ಎರಡೂ 30 ನಿಮಿಷ ಸುಮ್ಮನಿದ್ದರೆ ಭೇಟಿ ಮುಗಿಯಿತು ಅನ್ನುತ್ತವೆ. ಆದರೆ ಓದುಗ ನಡುವೆ ಬೇರೆ ಕ್ಯಾಂಪೇನ್ ಲಿಂಕಿನಿಂದ ಮತ್ತೆ ಬಂದರೆ ಮಾಟೊಮೊ ಹೊಸ ಭೇಟಿ ಶುರು ಮಾಡುತ್ತದೆ, ಜಿಎ4 ಹಳೆಯದನ್ನೇ ಮುಂದುವರಿಸುತ್ತದೆ. ನಡುರಾತ್ರಿ ದಾಟಿದಾಗಲೂ ಹಾಗೆಯೇ. ಜಾಹೀರಾತು ಜಾಸ್ತಿ ಇರುವ ಸೈಟಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಬಳಕೆದಾರರ ಸಂಖ್ಯೆ. ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆ. ಪ್ಲಾಸಿಬಲ್ ಕುಕಿ ಇಡುವುದಿಲ್ಲ, ಓದುಗರನ್ನು ಗುರುತಿಸುವ ಗುಟ್ಟಿನ ಸಂಖ್ಯೆಯನ್ನು ಪ್ರತಿದಿನ ಬದಲಿಸುತ್ತದೆ. ಹಾಗಾಗಿ ತಿಂಗಳಲ್ಲಿ ಐದು ದಿನ ಬಂದ ಒಬ್ಬರು ಐದು ಜನರಾಗಿ ಎಣಿಕೆಯಾಗುತ್ತಾರೆ. ಜಿಎ4 ಕುಕಿ ನೋಡಿ ಒಬ್ಬರೇ ಅನ್ನಬಹುದು. ಆದರೆ ಸಫಾರಿ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಇಟ್ಟ ಕುಕಿಗೆ 7 ದಿನ ಮಾತ್ರ ಆಯುಸ್ಸು. ಎಂಟು ದಿನ ಬಿಟ್ಟು ಬಂದ ಅದೇ ವ್ಯಕ್ತಿ ಅಲ್ಲಿಯೂ ಹೊಸಬನೇ. ಇದರ ಮೇಲೆ ಜಿಎ4 "ಬಳಕೆದಾರರು" ಅಂತ ತೋರಿಸುವುದು ಸಕ್ರಿಯ ಬಳಕೆದಾರರನ್ನು, ಎಲ್ಲರನ್ನೂ ಅಲ್ಲ. ತಿಂಗಳ ಬಳಕೆದಾರರ ಸಂಖ್ಯೆಯನ್ನು ಎರಡು ಟೂಲ್‌ಗಳ ನಡುವೆ ನೇರ ಹೋಲಿಸುವುದನ್ನು ಬಿಟ್ಟುಬಿಡಿ ಅನ್ನುವುದೇ ನನ್ನ ಸಲಹೆ.

ಬೌನ್ಸ್ ರೇಟ್. ಇದರಲ್ಲಿ ಹೆಸರು ಮಾತ್ರ ಒಂದೇ. ಮಾಟೊಮೊದಲ್ಲಿ ಒಂದೇ ಪುಟ ನೋಡಿ ಹೋದರೆ ಬೌನ್ಸ್. ಜಿಎ4ರಲ್ಲಿ 10 ಸೆಕೆಂಡಿಗಿಂತ ಜಾಸ್ತಿ ಇದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ಒಂದು ಕೀ ಇವೆಂಟ್ (ಮುಖ್ಯ ಅಂತ ನೀವು ಗುರುತು ಮಾಡಿದ ಇವೆಂಟ್) ಆದರೆ ಅದು ಬೌನ್ಸ್ ಅಲ್ಲ. ಒಂದೇ ಲೇಖನವನ್ನು ಹತ್ತು ನಿಮಿಷ ಓದಿ ಹೋದವರು ಒಂದು ಕಡೆ ಬೌನ್ಸ್, ಇನ್ನೊಂದು ಕಡೆ ಅಲ್ಲ. ಸಮಯದ ಅಳತೆಯೂ ಹೀಗೇ. ಮಾಟೊಮೊದಲ್ಲಿ ಹಾರ್ಟ್‌ಬೀಟ್ ಟೈಮರ್ (ಓದುಗ ಇನ್ನೂ ಪುಟದಲ್ಲಿದ್ದಾನೆ ಅಂತ ಆಗಾಗ ತಿಳಿಸುವ ಸೆಟ್ಟಿಂಗ್) ಹಾಕದಿದ್ದರೆ ಭೇಟಿಯ ಕೊನೆಯ ಪುಟದಲ್ಲಿ ಕಳೆದ ಸಮಯ ಲೆಕ್ಕಕ್ಕೇ ಬರುವುದಿಲ್ಲ.

ಗೋಲ್ ಮತ್ತು ಖರೀದಿ. ಇವನ್ನು ಇನ್ನೊಂದು ಟೂಲಿನ ಜೊತೆ ಹೋಲಿಸಬೇಡಿ, ಆರ್ಡರ್ ಡೇಟಾಬೇಸ್ ಅಥವಾ ಬಂದ ಅರ್ಜಿಗಳ ಪಟ್ಟಿಯ ಜೊತೆ ಹೋಲಿಸಿ. ಎರಡು ಟೂಲ್‌ಗಳೂ ತಪ್ಪಿರಬಹುದು, ಆರ್ಡರ್ ಪುಸ್ತಕ ತಪ್ಪುವುದಿಲ್ಲ. ಬ್ಲಾಕರ್‌ಗಳಿಂದಾಗಿ ಅನಲಿಟಿಕ್ಸ್ ಸಂಖ್ಯೆ ಸ್ವಲ್ಪ ಕಡಿಮೆ ಬರುವುದು ಸಹಜ. ಡೇಟಾಬೇಸ್‌ಗಿಂತ ಜಾಸ್ತಿ ಬಂದರೆ ಮಾತ್ರ ಖಂಡಿತ ಏನೋ ಎರಡೆರಡು ಸಲ ಎಣಿಕೆಯಾಗುತ್ತಿದೆ.

ದಿನವಾರು ಸಂಖ್ಯೆಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಎರಡು ಗೆರೆಗಳ ಒಂದು ಗ್ರಾಫ್ ಮಾಡಿ. ಜೊತೆಗೆ ಹೊಸದನ್ನು ಹಳೆಯದರಿಂದ ಭಾಗಿಸಿದ ಒಂದು ಕಾಲಂ ಇಡಿ. ನೋಡಬೇಕಾದದ್ದು ಗೆರೆಗಳ ನಡುವಿನ ಅಂತರದ ಸ್ವಭಾವ. ಅಂತರ ಪ್ರತಿದಿನ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದು ವ್ಯಾಖ್ಯಾನದ ವ್ಯತ್ಯಾಸ, ಆ ಅನುಪಾತವನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ. ಒಂದು ದಿನ ಇದ್ದಕ್ಕಿದ್ದಂತೆ ಅಂತರ ತೆರೆದುಕೊಂಡರೆ ಆ ದಿನ ಯಾರೋ ಏನೋ ಬದಲಿಸಿದ್ದಾರೆ. ಒಟ್ಟು ಸರಿ ಇದ್ದು ಕೆಲವು ಪುಟಗಳಲ್ಲಿ ಮಾತ್ರ ಅಂತರ ಇದ್ದರೆ ಆ ಟೆಂಪ್ಲೇಟ್‌ನಲ್ಲಿ ಕೋಡ್ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಜಾಸ್ತಿ, ಮೊಬೈಲ್‌ನಲ್ಲಿ ಕಡಿಮೆ ಅಂತರ ಇದ್ದರೆ ಒಂದು ಟೂಲನ್ನು ಆ್ಯಡ್ ಬ್ಲಾಕರ್ ಹೆಚ್ಚಾಗಿ ತಡೆಯುತ್ತಿರುವ ಸಾಧ್ಯತೆ ಇದೆ. ಪುಟವಾರು, ಸಾಧನವಾರು, ಮೂಲವಾರು, ಈ ಮೂರು ರೀತಿ ಸೀಳಿ ನೋಡಿದರೆ ಕಾರಣ ಬಹುಪಾಲು ಸಿಕ್ಕಿಬಿಡುತ್ತದೆ.

## ಹಂತ 8: ಹಳೆಯದನ್ನು ತೆಗೆಯುವ ಮೊದಲು ಅದಕ್ಕೆ ನೇತುಬಿದ್ದದ್ದೇನು ನೋಡಿ

ಹಳೆಯ ಕೋಡ್ ಬರೀ ಎಣಿಸುತ್ತಿರಲಿಲ್ಲ, ಬೇರೆ ಕೆಲಸಗಳಿಗೂ ಆಸರೆಯಾಗಿತ್ತು. ಅದನ್ನು ಮರೆತು ಕಿತ್ತರೆ ಅನಲಿಟಿಕ್ಸ್‌ಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಪೆಟ್ಟು ಬೀಳುತ್ತದೆ.

ಗೂಗಲ್ ಆ್ಯಡ್ಸ್ ನಿಮ್ಮ ಜಿಎ4ರ ಕೀ ಇವೆಂಟ್‌ಗಳನ್ನು ತರಿಸಿಕೊಂಡು ಬಿಡ್ಡಿಂಗ್ (ಜಾಹೀರಾತಿಗೆ ಎಷ್ಟು ಕೊಡಬೇಕು ಅನ್ನುವ ನಿರ್ಧಾರ) ಮಾಡುತ್ತಿದ್ದರೆ, ಜಿಎ4 ತೆಗೆದ ದಿನ ಅದಕ್ಕೆ ಕನ್ವರ್ಷನ್‌ಗಳೇ (ಜಾಹೀರಾತಿನಿಂದ ಬಂದ ಖರೀದಿ, ಅರ್ಜಿ ಮುಂತಾದವು) ಕಾಣುವುದಿಲ್ಲ. ತಾನಾಗಿ ನಡೆಯುವ ಬಿಡ್ಡಿಂಗ್ ಇದನ್ನು "ಜಾಹೀರಾತು ಕೆಲಸ ಮಾಡುತ್ತಿಲ್ಲ" ಅಂತ ಅರ್ಥ ಮಾಡಿಕೊಳ್ಳುತ್ತದೆ. ಮೊದಲು ಗೂಗಲ್ ಆ್ಯಡ್ಸ್‌ನದೇ ಕನ್ವರ್ಷನ್ ಟ್ಯಾಗ್ ಹಾಕಿ, ಅದು ಕೆಲವು ವಾರ ಸರಿಯಾಗಿ ಎಣಿಸಿದ ಮೇಲೆ ಬದಲಿಸಿ. ಜಿಎ4ರಲ್ಲಿ ಕಟ್ಟಿದ ಆಡಿಯೆನ್ಸ್ ಪಟ್ಟಿಗಳನ್ನು ಜಾಹೀರಾತಿಗೆ ಬಳಸುತ್ತಿದ್ದರೆ ಅದಕ್ಕೂ ಇದೇ ಮಾತು.

ಸರ್ಚ್ ಕನ್ಸೋಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಅಂತ ತೋರಿಸುವ ಟೂಲಿನಲ್ಲಿ) ಸೈಟಿನ ಮಾಲೀಕತ್ವವನ್ನು ಅನಲಿಟಿಕ್ಸ್ ಕೋಡ್ ಅಥವಾ ಟ್ಯಾಗ್ ಮ್ಯಾನೇಜರ್ ಮೂಲಕ ಸಾಬೀತು ಮಾಡಿದ್ದರೆ, ಕೋಡ್ ತೆಗೆದ ಮೇಲೆ ಆ ದೃಢೀಕರಣವೂ ಹೋಗುತ್ತದೆ. ಡಿಎನ್‌ಎಸ್ ಮೂಲಕ ಇನ್ನೊಂದು ದೃಢೀಕರಣ ಮೊದಲೇ ಸೇರಿಸಿಡಿ.

ಡ್ಯಾಶ್‌ಬೋರ್ಡ್‌ಗಳು, ತಾನಾಗಿ ಹೋಗುವ ಇಮೇಲ್ ವರದಿಗಳು, ಎಪಿಐ ಮೂಲಕ ಡೇಟಾ ಎಳೆಯುವ ಸ್ಕ್ರಿಪ್ಟ್‌ಗಳು, ಇವುಗಳ ಪಟ್ಟಿ ಹಂತ 1ರಲ್ಲೇ ಸಿಕ್ಕಿರುತ್ತದೆ. ಒಂದೊಂದನ್ನೂ ಹೊಸದಕ್ಕೆ ಜೋಡಿಸಿ, ನೋಡುವವರಿಗೆ ತೋರಿಸಿ, ಒಪ್ಪಿಗೆ ಪಡೆಯಿರಿ. ಗೌಪ್ಯತೆಯ ಪುಟದಲ್ಲಿ ಹಳೆಯ ಟೂಲಿನ ಹೆಸರು ಇದ್ದರೆ ತಿದ್ದಿ.

## ಹಂತ 9: ದಾಟುವ ದಿನ ಮತ್ತು ಆಮೇಲಿನ ಎರಡು ವಾರ

ತಿಂಗಳ 1ನೇ ತಾರೀಖು ಆರಿಸಿ. ಮುಂದೆ ತಿಂಗಳ ಹೋಲಿಕೆ ಮಾಡುವಾಗ ಅರ್ಧ ತಿಂಗಳು ಒಂದು ಟೂಲ್, ಇನ್ನರ್ಧ ಇನ್ನೊಂದು ಅನ್ನುವ ಗೋಜಲು ಇರುವುದಿಲ್ಲ. ಆ ದಿನಾಂಕದಂದು ಹೊಸ ಟೂಲಿನಲ್ಲಿ ಒಂದು ಟಿಪ್ಪಣಿ ಹಾಕಿ, ಹಂತ 7ರ ಅನುಪಾತವನ್ನೂ ಅದರಲ್ಲಿ ಬರೆಯಿರಿ.

ಹಳೆಯ ಟ್ಯಾಗನ್ನು ಮೊದಲು ತಾತ್ಕಾಲಿಕವಾಗಿ ನಿಲ್ಲಿಸಿ, ಅಳಿಸಬೇಡಿ. ಎರಡು ವಾರ ಎಲ್ಲ ಸರಿ ಹೋದರೆ ತೆಗೆಯಿರಿ. ತೆಗೆಯುವಾಗ ಹಂತ 1ರಲ್ಲಿ ಕಂಡ ಎಲ್ಲ ಜಾಗಗಳಿಂದಲೂ ತೆಗೆಯಿರಿ. ಪ್ಲಗಿನ್‌ನಲ್ಲಿ ಉಳಿದುಹೋದ ಹಳೆಯ ಕೋಡ್ ಯಾರಿಗೂ ಬೇಡದ ಡೇಟಾ ಕಳಿಸುತ್ತಲೇ ಇರುತ್ತದೆ. ಹಳೆಯ ಖಾತೆಯನ್ನು ಮಾತ್ರ ಮುಚ್ಚಬೇಡಿ, ಓದಲು ಇರಲಿ.

ಹಳೆಯ ಡೇಟಾ ಇಂಪೋರ್ಟ್ ಮಾಡಿದ್ದರೂ, ಕಳೆದ ವರ್ಷದ ಜೊತೆ ಹೋಲಿಸುವ ವರದಿಗಳಲ್ಲಿ ಮೊದಲ ಹನ್ನೆರಡು ತಿಂಗಳು ಎರಡು ಬೇರೆ ಅಳತೆಗಳು ಎದುರುಬದುರಾಗಿರುತ್ತವೆ. ಅನುಪಾತ ಹಚ್ಚಿ ಹಳೆಯ ಸಂಖ್ಯೆಗಳನ್ನೇ ತಿದ್ದುವ ಆಸೆ ಬೇಡ. ಇದ್ದದ್ದನ್ನು ಇದ್ದಂತೆ ಇಟ್ಟು, ವರದಿಯ ಕೆಳಗೆ ಟೂಲ್ ಬದಲಾದ ದಿನಾಂಕ ಬರೆದರೆ ಸಾಕು.

## ಈ ಲಕ್ಷಣ ಕಂಡರೆ ಇಲ್ಲಿ ನೋಡಿ

ಬೌನ್ಸ್ ರೇಟ್ ಸೊನ್ನೆಯ ಹತ್ತಿರ. ಸಂಭ್ರಮಿಸಬೇಡಿ. ಪ್ರತಿ ಪುಟಕ್ಕೂ ಎರಡು ಪೇಜ್‌ವ್ಯೂ ಹೋಗುತ್ತಿವೆ. ಕೋಡ್ ಎರಡು ಜಾಗದಲ್ಲಿದೆ.

ನಿಮ್ಮದೇ ಡೊಮೇನ್ ರೆಫರರ್ ಪಟ್ಟಿಯಲ್ಲಿ. ಕೆಲವು ಪುಟಗಳಲ್ಲಿ ಕೋಡ್ ಇಲ್ಲ, ಅಥವಾ ಕ್ರಾಸ್ ಡೊಮೇನ್ ಸೆಟ್ಟಿಂಗ್ ಸರಿಯಿಲ್ಲ.

ಡೈರೆಕ್ಟ್ (ಎಲ್ಲಿಂದ ಬಂದರು ಅಂತ ಗೊತ್ತಿಲ್ಲದ) ಟ್ರಾಫಿಕ್ ಏಕಾಏಕಿ ಏರಿದೆ. ರೀಡೈರೆಕ್ಟ್‌ನಲ್ಲಿ ಯುಟಿಎಂ ಉದುರುತ್ತಿದೆ. ಇಲ್ಲವೇ ಒಪ್ಪಿಗೆ ಕೊಟ್ಟಾಗ ಬ್ಯಾನರ್ ಪುಟವನ್ನು ರಿಲೋಡ್ ಮಾಡಿ, ಎಲ್ಲಿಂದ ಬಂದರು ಅನ್ನುವ ಮಾಹಿತಿ ಕಳೆಯುತ್ತಿದೆ.

ಎಲ್ಲರೂ ಹೊಸ ಓದುಗರು. ಮೊದಲ ವಾರಗಳಲ್ಲಿ ಸಹಜ, ಹೊಸ ಟೂಲಿಗೆ ಯಾರ ಪರಿಚಯವೂ ಇರುವುದಿಲ್ಲ. ಕುಕಿ ಬಳಸುವ ಟೂಲಿನಲ್ಲಿ ಒಂದು ತಿಂಗಳಾದರೂ ಹಾಗೇ ಇದ್ದರೆ ಕುಕಿ ಉಳಿಯುತ್ತಿಲ್ಲ ಅಂತ.

ಒಂದೇ ಕ್ಯಾಂಪೇನ್ ಎರಡು ಸಾಲುಗಳಲ್ಲಿ. ಯುಟಿಎಂನಲ್ಲಿ ಒಬ್ಬರು ದೊಡ್ಡಕ್ಷರ, ಇನ್ನೊಬ್ಬರು ಸಣ್ಣಕ್ಷರ ಬಳಸಿದ್ದಾರೆ.

ರಿಯಲ್‌ಟೈಮ್‌ನಲ್ಲಿ ಇದೆ, ವರದಿಯಲ್ಲಿ ಇಲ್ಲ. ಎರಡು ದಿನ ಕಾಯಿರಿ. ನಿಮ್ಮದೇ ಸರ್ವರ್‌ನ ಮಾಟೊಮೊ ಆದರೆ ಕಾಯುವ ಬದಲು ಕ್ರಾನ್ ಓಡುತ್ತಿದೆಯೇ ನೋಡಿ.

ಒಂದು ಗಂಟೆಯಿಂದ ಪೂರ್ತಿ ಸೊನ್ನೆ. ಆ ಗಂಟೆಯಲ್ಲಿ ಏನು ಪಬ್ಲಿಷ್ ಆಯಿತು ಕೇಳಿ. ಥೀಮ್ ಅಪ್‌ಡೇಟ್ ಆಗಿ ಹೆಡರ್‌ನಲ್ಲಿದ್ದ ಕೋಡ್ ಅಳಿಸಿಹೋಗುವುದು ಇದರ ಮಾಮೂಲಿ ಕಾರಣ. ವರ್ಡ್‌ಪ್ರೆಸ್‌ನಲ್ಲಿ ಚೈಲ್ಡ್ ಥೀಮ್ (ನಿಮ್ಮ ಬದಲಾವಣೆಗಳನ್ನು ಪ್ರತ್ಯೇಕವಾಗಿಡುವ ಉಪ ಥೀಮ್) ಇಲ್ಲದೆ ನೇರ ಥೀಮ್ ಫೈಲ್‌ಗೆ ಕೋಡ್ ಹಾಕಿದವರಿಗೆ ಮುಂದಿನ ಅಪ್‌ಡೇಟ್‌ನಲ್ಲಿ ಇದು ಆಗಿಯೇ ಆಗುತ್ತದೆ. ದಿನದ ಪೇಜ್‌ವ್ಯೂ ಸೊನ್ನೆಯಾದರೆ ಇಮೇಲ್ ಬರುವಂತೆ ಹೊಸ ಟೂಲಿನಲ್ಲಿ ಒಂದು ಅಲರ್ಟ್ ಇವತ್ತೇ ಹಾಕಿಡಿ. ಆ ಇಮೇಲ್ ಒಬ್ಬರಿಗೇ ಹೋಗದೆ, ಕನಿಷ್ಠ ಇಬ್ಬರಿಗೆ ಹೋಗಲಿ.